ಹಲ್ಲಿಯ ಕಾಲಡಿಗೆ ಒಂದು ನೆಲ

ಮರಳು ಹಾಸಿದರೆ ಹುಳುವಿನ ಜೊತೆ ಮರಳನ್ನೂ ನುಂಗಿ ಹೊಟ್ಟೆ ಕಟ್ಟೀತು. ಹತ್ತಿ ಹಾಸಿದರೆ ಎಳೆ ಬೆರಳಿಗೆ ಸುತ್ತಿ ಇದ್ದ ಕಾಲೂ ಹೋದೀತು. ನಮ್ಮ ಎರೆಮಣ್ಣಂತೂ ಒಣಗಿದರೆ ಬಿರುಕು, ತೊಯ್ದರೆ ಅಂಟು. ಎತ್ತಿನ ಗಾಡಿಯನ್ನೇ ಹಿಡಿದು ನಿಲ್ಲಿಸುವ ಮಣ್ಣು ಹಲ್ಲಿಯನ್ನು ಬಿಟ್ಟೀತೆ? ಬಡಿಗನ ಅಂಗಡಿಯ ಹೊಟ್ಟಿನಲ್ಲಿ ವಾರ್ನಿಷ್ ಇದ್ದೀತು, ಗೋಣಿಚೀಲದ ನಾರಿಗೆ ಉಗುರು ಸಿಕ್ಕೀತು, ಹಳೆಯ ಪತ್ರಿಕೆಯ ಮಸಿ ನಂಜಾದೀತು. ಒಂದು ಹಲ್ಲಿಯ ಕಾಲಡಿಗೆ ಏನು ಹಾಸಬೇಕೆಂಬ ಪ್ರಶ್ನೆಯಲ್ಲಿ ಇಷ್ಟೊಂದು ಅನಾಹುತಗಳು ಅಡಗಿವೆಯೆಂದು, ಸ್ನೇಹಿತರೇ, ನಿಮಗೆ ಹೊಳೆದಿರಲಿಕ್ಕಿಲ್ಲ. ನನಗೆ ಹೊಳೆದಿತ್ತು. ಮದುವೆಯಾದರೆ ಏನೇನು ಕೆಟ್ಟೀತೆಂದು ಯೋಚಿಸುತ್ತಲೇ ಮದುವೆಯ ವಯಸ್ಸನ್ನು ದಾಟಿ ಬಂದ ಮಾಸ್ತರ ನಾನು.

ಆಗ ಶಲವಡಿಯಲ್ಲಿ ನನ್ನ ನೌಕರಿ, ಒಂದು ಸಣ್ಣ ಬಾಡಿಗೆ ಮನೆ. ನಮ್ಮ ಓಣಿಗಿನ್ನೂ ಟೀವಿ ಬಂದಿರಲಿಲ್ಲ. ರೇಡಿಯೋ ಇತ್ತು, ಆದರೆ ರೇಡಿಯೋ ಮಾತಾಡುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳುತ್ತಿದ್ದುದು ತೊಲೆಯ ಮೇಲಿನ ಹಲ್ಲಿ. ಮಾತಿನ ಬೆನ್ನಿಗೇ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವೆಂದು ನಮ್ಮ ಕಡೆಯ ನಂಬಿಕೆ. ಆಡಿದವರು ಬೆರಳಿಂದ ನೆಲ ಬಡಿದು "ಖರೇ, ಖರೇ" ಅನ್ನಬೇಕು. ಒಬ್ಬನೇ ಉಣ್ಣುತ್ತ "ಇವತ್ತ ಸಾರಿಗೆ ಉಪ್ಪು ಹೆಚ್ಚಾತು" ಅಂದರೆ ಮೇಲಿನಿಂದ ಲೊಚ್ ಲೊಚ್. ನಾನು ನೆಲ ಬಡಿಯುತ್ತಿದ್ದೆ. ನನ್ನ ಮಾತನ್ನು ಒಪ್ಪುವ ಜೀವವೊಂದು ಮನೆಯಲ್ಲಿತ್ತು. ಅಷ್ಟು ಭಾಗ್ಯ ಎಷ್ಟು ಸಂಸಾರಸ್ಥರಿಗಿದೆ?

ಅದನ್ನೇ ಒಂದು ಬೆಳಿಗ್ಗೆ ಪಕ್ಕದ ಮನೆಯ ಬಸವ್ವನ ಬೆಕ್ಕು ಹಿಡಿಯಿತು. ಬಿಡಿಸಿದಾಗ ಬಾಲವಿರಲಿಲ್ಲ, ಹಿಂಗಾಲೊಂದು ಎಳೆಯುತ್ತಿತ್ತು. ಬಾಲ ಮತ್ತೆ ಬಂದೀತು. ಕಾಲು ಸರಿಹೋಗುವ ತನಕವಾದರೂ ಅದನ್ನು ಬೆಕ್ಕಿನಿಂದ ಕಾಯಬೇಕು. ಸತ್ತರೆ ಈ ಮನೆಯಲ್ಲಿ ನನಗೆ ಹೂಂ ಅನ್ನುವವರು ಯಾರು? ಕಟ್ಟಿಗೆಯ ಪೆಟ್ಟಿಗೆಗೆ ಜಾಳಿಗೆಯ ಮುಚ್ಚಳ ಹೊಂದಿಸಿ, ಒಳಗಿನ ನೆಲದ ಚಿಂತೆಗೆ ಕೂತೆ.

ಬಸವ್ವ ಬಾಗಿಲಲ್ಲಿ ನಿಂತಳು. "ಏನ್ ಹುಡಕಾಕ ಹತ್ತೀರಿ ಮಾಸ್ತರ?"

"ಹಲ್ಲಿಗೆ ಹಾಸಾಕರಿ."

"ಅಯ್ಯ ನನ್ನ ಶಿವನ! ನಿಮ್ಮ ಗಾದಿ ಹರದು ಹತ್ತಿ ಹೊರಗ ಇಣಕತೈತಿ, ಹಲ್ಲಿಗೆ ಹಾಸಿಗಿ ಹುಡಕ್ತೀರಿ? ತೊಟ್ಟಿಲಾನೂ ಕಟ್ಟಿಬಿಡ್ರಿ!"

"ಬೆಕ್ಕು ನಿಮ್ಮದರಿ ಬಸವ್ವ."

"ಬೆಕ್ಕಿಗೆ ನಾ ಏನ್ ಹೇಳ್ಲಿ? ನಮ್ಮ ಮನ್ಯಾಗ ಗಂಡನಽ ನನ್ನ ಮಾತು ಕೇಳಂಗಿಲ್ಲ."

ಕೊನೆಗೆ ಆರಿಸಿದ್ದು ಶಾಲೆಯ ಕಲ್ಲುಪಾಟಿಯನ್ನು. ಚೌಕಟ್ಟು ಬಿಚ್ಚಿ, ಬಳಪದ ಪುಡಿ ಹೋಗುವ ಹಾಗೆ ತಿಕ್ಕಿ ತೊಳೆದು ಹಾಸಿದೆ. ಕಾಲಿಗೆ ಸುತ್ತುವ ಎಳೆಯಿಲ್ಲದ, ಗಂಟಲಿಗೆ ಸಿಗುವ ಕಣವಿಲ್ಲದ, ಬಲು ಸುರಕ್ಷಿತವಾದ ನೆಲ. ನಾನೂ ಇಂಥದ್ದರ ಮೇಲೆಯೇ ಇಷ್ಟು ವರ್ಷ ನಡೆದು ಬಂದೆನಲ್ಲ ಎಂದೆನಿಸಿ, ಪಾಟಿಯ ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು.

ಮತ್ತೆ ಚಿಂತೆ. ನನ್ನ ಮನೆಗೂ ಬಸವ್ವನ ಮನೆಗೂ ನಡುವೆ ಒಂದೇ ಗೋಡೆ, ಆ ಕಡೆ ಅವಳ ಒಲೆ. ಗೋಡೆ ತೊಲೆಯ ತನಕ ಮುಟ್ಟದೆ ನಿಂತಿದ್ದರಿಂದ ಅವರ ಒಗ್ಗರಣೆ, ನಗೆ, ಜಗಳ ಎಲ್ಲವೂ ಕರೆಯದೆ ನನ್ನಲ್ಲಿಗೆ ಬರುತ್ತಿದ್ದವು. ಪೆಟ್ಟಿಗೆಯನ್ನು ಆ ಗೋಡೆಗೇ ಒತ್ತಿ ಇಟ್ಟೆ. ಪಾಟಿ ಬೆಚ್ಚಗಾಯಿತು. ನಾನು ಹಿಡಿದು ಹಾಕಿದ ದೀಪದ ಹುಳುಗಳನ್ನು ತಿಂದು ಹಲ್ಲಿ ಚೇತರಿಸಿಕೊಂಡಿತು, ಮೊಂಡು ಬಾಲ ಚಿಗುರಿತು, ಕಾಲು ನೆಟ್ಟಗಾಯಿತು. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಒಂದು ಸಂಜೆ ಮುಚ್ಚಳ ತೆಗೆದೆ. ರೂಢಿಯಾಗಿದ್ದ ಆ ಬೆಚ್ಚನೆಯ ಗೋಡೆಯನ್ನೇ ಹಿಡಿದು ಸರಸರ ಏರಿತು, ತುದಿಯಲ್ಲಿ ಒಂದು ಗಳಿಗೆ ನಿಂತಿತು, ಆ ಕಡೆ ಇಳಿಯಿತು.

ಊಟಕ್ಕೆ ಕೂತು, "ಇವತ್ತ ರೊಟ್ಟಿ ಚಲೋ ಆಗ್ಯಾವ" ಅಂದೆ. ತೊಲೆ ಸುಮ್ಮನಿತ್ತು.

ಗೋಡೆಯಾಚೆ ಬಸವ್ವ ಗಂಡನಿಗೆ ಹೇಳುತ್ತಿದ್ದಳು: "ನಿಮ್ಮಂಥಾ ಆಳಸಿ ಈ ಊರಾಗ ಇನ್ನೊಬ್ಬ ಇಲ್ಲ."

ಲೊಚ್ ಲೊಚ್.

"ಕೇಳಿದ್ರಿಲ್ಲೋ? ಖರೇ, ಖರೇ!" ನೆಲ ಬಡಿದ ಸದ್ದು, ಮನೆಮಂದಿಯೆಲ್ಲ ನಕ್ಕರು.

ರೂಢಿಯ ಬಲದಿಂದ ನನ್ನ ಬೆರಳೂ ನೆಲದ ಕಡೆಗೆ ಹೋಗಿತ್ತು. ಅದನ್ನು ಹಿಂದೆ ತಂದು ರೊಟ್ಟಿ ಮುರಿದೆ.