ಐದನೇ ಬಾವುಟ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಿ.ಟಿ. ಟೀಚರ್ ಆಗಿದ್ದೇನೆ. ಸೀಟಿ ಊದಿ ಊದಿ ನನ್ನ ಮಾತೂ ಸೀಟಿಯ ಹಾಗೇ ಆಗಿದೆ ಎಂದು ಗಂಡ ಹಾಸ್ಯ ಮಾಡುವುದುಂಟು. ಬಂದಷ್ಟೇ ಬೇಗ ಇಳಿದುಹೋಗುವ ಕೋಪ, ಅದರಿಂದ ಯಾರಿಗೂ ನಷ್ಟವಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಹಾಗಲ್ಲ ಎಂದು ತಿಳಿದದ್ದು ನಮ್ಮ ಶಾಲೆಯ ಆಯಮ್ಮನಿಂದ. ತಿಳಿದೂ ಒಂದು ವರ್ಷ ಸುಮ್ಮನಿದ್ದೆನಲ್ಲ, ಅದನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಶಾಲೆ ಇರುವುದು ರಾಜಗೋಪಾಲನಗರದ ಮನೆಗಳಿಗೂ ಪೀಣ್ಯದ ಶೆಡ್ಡುಗಳಿಗೂ ನಡುವೆ. ಗೋಡೆಯಾಚೆ ಲೇತ್ ಮಷೀನುಗಳ ಸದ್ದು, ಈಚೆ ಎರಡು ಬ್ಯಾಡ್ಮಿಂಟನ್ ಕೋರ್ಟಿನಷ್ಟು ಮೈದಾನ. ಅಷ್ಟು ಜಾಗದಲ್ಲಿ ಏನು ಆಡಿಸುವುದು ಎಂದು ತಲೆ ಕೆಡಿಸಿಕೊಂಡಿದ್ದಾಗ ಒಂದು ತರಬೇತಿಗೆ ಹೋಗಿ ಓರಿಯೆಂಟೀರಿಂಗ್ ಕಲಿತು ಬಂದೆ. ಆಟ ಸರಳ. ಕೈಗೊಂದು ನಕ್ಷೆ, ಒಂದು ದಿಕ್ಸೂಚಿ. ನಕ್ಷೆಯಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ಕೇಸರಿ-ಬಿಳಿ ಬಾವುಟವೊಂದನ್ನು ಕಟ್ಟಿರುತ್ತಾರೆ, ಅದರ ಜೊತೆಗೆ ಮುಳ್ಳಿರುವ ಪುಟ್ಟ ಪಂಚ್. ಒಂದೊಂದು ಪಂಚಿನದು ಒಂದೊಂದು ಬಗೆಯ ತೂತು. ಬಾವುಟಗಳನ್ನು ವರಸೆಯಾಗಿ ಹುಡುಕಿ, ಕಾರ್ಡಿಗೆ ತೂತು ಹಾಕಿಕೊಂಡು ಬೇಗ ಬಂದವರು ಗೆದ್ದಂತೆ. ಓಡುವವರು ಓಡಬಹುದು, ನಡೆಯುವವರು ನಡೆಯಬಹುದು. ಎಂಟು ವರ್ಷದವರಿಗೂ ಎಂಬತ್ತರವರಿಗೂ ಅವರವರ ಕಾಲಿಗೆ ತಕ್ಕ ದಾರಿ ಇರುತ್ತದೆ. ಆದರೆ ಒಬ್ಬರೇ ಹೋಗಬೇಕು, ಯಾರನ್ನೂ ದಾರಿ ಕೇಳಬಾರದು.

ಈ ಕೊನೆಯ ನಿಯಮ ನಮ್ಮವರಿಗೆ ಬಲು ಕಷ್ಟ. ಕೈಯಲ್ಲಿ ಫೋನು ದಾರಿ ಹೇಳುತ್ತಿದ್ದರೂ ಬೈಕು ನಿಲ್ಲಿಸಿ, ಅಣ್ಣ, ಬಾಗಲಗುಂಟೆಗೆ ಹಿಂಗೇ ಹೋಗ್ಬೋದಾ ಎಂದು ಒಮ್ಮೆ ಕೇಳದಿದ್ದರೆ ನಮಗೆ ಸಮಾಧಾನವಿಲ್ಲ. ಪೋಷಕರನ್ನೂ ಸೇರಿಸಿಕೊಂಡು ಮೊದಲ ಸಲ ಆಡಿಸಿದಾಗ ಎಲ್ಲರೂ ಮೂಲೆಯ ಟೀ ಅಂಗಡಿಯವನನ್ನು ಕೇಳಿ ಕೇಳಿ, ಕೊನೆಕೊನೆಗೆ ಅವನು ಯಾರಾದರೂ ಕೇಳುವ ಮೊದಲೇ ಬಾವುಟದ ಕಡೆ ಕೈ ತೋರಿಸತೊಡಗಿದ್ದ.

ಆಯಮ್ಮನಿಗೆ ಆಗ ಐವತ್ತಾರೋ ಐವತ್ತೇಳೋ. ಚಿಕ್ಕ ಮಕ್ಕಳ ಮೂಗೊರೆಸುವುದರಿಂದ ಹಿಡಿದು ಸಂಜೆ ಗುಡಿಸಿ ಬೀಗ ಹಾಕುವವರೆಗೆ ಶಾಲೆ ಅವರ ಕೈಮೇಲೆ ನಡೆಯುತ್ತಿತ್ತು. ಅಕ್ಷರ ಬಾರದು. ಬಸ್ಸಿನ ನಂಬರು ನೋಡಿ ನೋಡಿ ಅಂಕಿಗಳು ಮಾತ್ರ ಗೊತ್ತು. ಒಂದು ದಿನ ಮೈದಾನ ಗುಡಿಸುವಾಗ ಮಕ್ಕಳು ಬೀಳಿಸಿಹೋಗಿದ್ದ ನಕ್ಷೆಯೊಂದು ಅವರಿಗೆ ಸಿಕ್ಕಿತು. ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅದನ್ನು ಹಾಗೊಮ್ಮೆ ಹೀಗೊಮ್ಮೆ ತಿರುಗಿಸಿದರು. ಕೊನೆಗೆ ನಕ್ಷೆಯ ಉತ್ತರವೂ ನೆಲದ ಉತ್ತರವೂ ಒಂದೇ ಕಡೆ ಬರುವಂತೆ ಹಿಡಿದು ನಿಂತರು. ಅಷ್ಟನ್ನು ಕಲಿಯಲು ನನ್ನ ಏಳನೇ ತರಗತಿಗೆ ಎರಡು ವಾರ ಹಿಡಿದಿತ್ತು. ಈ ಕಪ್ಪು ಚುಕ್ಕಿ ನಮ್ಮ ಬೋರ್‌ವೆಲ್ ಅಲ್ವಾ ಮಿಸ್, ಇದರ ಮೂಡ್ಲಲ್ಲಿ ಇರೋದು ನಮ್ಮ ಗೇಟು ಎಂದರು. ಆ ನಕ್ಷೆಗಳಲ್ಲಿ ಅಕ್ಷರವೇ ಇರುವುದಿಲ್ಲ, ಬಣ್ಣ ಮತ್ತು ಗುರುತುಗಳಷ್ಟೇ. ಹಾಗೆಂದು ಹೇಳಿದಾಗ ಅವರ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಮರೆತಿಲ್ಲ. ಓದು ಬರದವರಿಗೂ ಆಯ್ತದಾ ಎಂದು ಎರಡೆರಡು ಸಲ ಕೇಳಿದರು.

ಆಮೇಲೆ ಪ್ರತಿ ಶನಿವಾರ ಕೆಲಸ ಮುಗಿಸಿ ಅಭ್ಯಾಸಕ್ಕೆ ನಿಲ್ಲುತ್ತಿದ್ದರು. ಮೊದಲು ಅಪ್ಪ, ಆಮೇಲೆ ಗಂಡ, ಈಗ ಮಗ, ಯಾರಾದರೊಬ್ಬರ ಹಿಂದೆ ಹೋಗಿಯೇ ತಮಗೆ ಅಭ್ಯಾಸ, ಗೊತ್ತಿಲ್ಲದ ಜಾಗಕ್ಕೆ ಒಬ್ಬರೇ ಹೋಗಿ ಬಂದದ್ದೇ ಇಲ್ಲ ಎಂದು ಒಮ್ಮೆ ಹೇಳಿದರು. ಆ ವರ್ಷದ ಸ್ಪರ್ಧೆಗೆ ಅವರ ಹೆಸರನ್ನು ನಾನೇ ಬರೆದೆ. ಪಾಲ್ಗೊಂಡು ಮುಗಿಸಿದವರಿಗೆಲ್ಲ ಹೆಸರು ಕೂಗಿ ಸರ್ಟಿಫಿಕೇಟ್ ಕೊಡುತ್ತೇವೆ ಎಂದಾಗ, ಗ್ಲಾಸ್ ಹಾಕಿಸಿ ಗೋಡೆಗೆ ತೂಗುಹಾಕುವುದಾಗಿ ಮೊಮ್ಮಗಳಿಗೆ ಅವತ್ತೇ ಹೇಳಿಬಿಟ್ಟರಂತೆ.

ಸ್ಪರ್ಧೆ ನಡೆದದ್ದು ಸ್ವಲ್ಪ ದೂರದ ಒಂದು ಕೆರೆಯ ಸುತ್ತ. ಆಯಮ್ಮ ಯಾವತ್ತೂ ಕಾಲಿಡದ ಜಾಗ. ಭಾನುವಾರವಾದ್ದರಿಂದ ಕಾರ್ಖಾನೆಗಳೆಲ್ಲ ಮೌನವಾಗಿದ್ದವು. ಊರಿನ ಇನ್ನೊಂದು ತುದಿಯ ಬೊಮ್ಮನಹಳ್ಳಿಯಿಂದ ಕೂಡ ಎರಡು ಕುಟುಂಬಗಳು ಬಂದಿದ್ದವು. ಇಂಥ ಸ್ಪರ್ಧೆಗಳನ್ನು ದೊಡ್ಡ ಮಟ್ಟದಲ್ಲಿ ನಡೆಸುವ ಇಬ್ಬರು ಹಿರಿಯರೂ ನೋಡಲು ಬಂದಿದ್ದರು. ಅವರ ಮುಂದೆ ಒಂದು ಸಣ್ಣ ತಪ್ಪೂ ಕಾಣಬಾರದೆಂಬ ಹಟ ನನಗೆ. ಹಿರಿಯ ಹೆಂಗಸರ ದಾರಿಯಲ್ಲಿ ಎಂಟು ಬಾವುಟ. ಐದನೆಯದನ್ನು ಕೆರೆಯಾಚೆಯ ಅರಳಿಕಟ್ಟೆಯಲ್ಲಿ, ನಾಗರಕಲ್ಲುಗಳ ಪಕ್ಕ ನಾನೇ ಕಟ್ಟಿದ್ದೆ.

ಮಕ್ಕಳಿಗೆಲ್ಲ ಮಜ್ಜಿಗೆ ಹಂಚಿ ಮುಗಿಯುವವರೆಗೆ ಆಯಮ್ಮ ಹೊರಡಲು ಒಪ್ಪಲಿಲ್ಲ. ಹೀಗಾಗಿ ಎಲ್ಲರಿಗಿಂತ ಕೊನೆಗೆ, ತಮಗಿಂತ ಮೊದಲಿನವರು ಹೋಗಿ ಅರ್ಧ ಗಂಟೆಯ ಮೇಲೆ ಹೊರಟರು. ಸೆರಗು ಸಿಕ್ಕಿಸಿ ಬಿರಬಿರನೆ ಹೋದರು, ಹಿಂದೆ ತಿರುಗಿ ನೋಡಲೂ ಇಲ್ಲ. ವಾಪಸು ಬಂದಾಗ ಗಡಿಯಾರ ನೋಡಿದರೆ ಅವರ ಗುಂಪಿನಲ್ಲಿ ಅವರೇ ಮೊದಲು. ಕಾರ್ಡು ನೋಡಿದರೆ ಐದನೇ ಮನೆ ಖಾಲಿ.

ಐದನೆಯದೇ ಎಲ್ಲಕ್ಕಿಂತ ದೂರ. ಅದನ್ನು ಬಿಟ್ಟರೆ ಬೇಗ ಬರುವುದು ಸುಲಭ. ನನ್ನ ತಲೆ ಹೋದದ್ದು ಆ ಕಡೆಗೇ.

“ಐದನೇದರಲ್ಲಿ ಬಾವುಟ ಇರ್ಲಿಲ್ಲ ಮಿಸ್. ಕಟ್ಟೆ ಸುತ್ತಾನೂ ನೋಡಿದೆ, ಯಾರನ್ನೂ ಕೇಳೋ ಹಂಗಿಲ್ವಲ್ಲ,” ಎಂದರು ಆಯಮ್ಮ.

“ಎಲ್ಲರಿಗೂ ಕಂಡಿದ್ದು ನಿಮಗೊಬ್ಬರಿಗೆ ಕಾಣ್ಲಿಲ್ವಾ? ಸುಳ್ಳು ಹೇಳ್ಬೇಡಿ ಆಯಮ್ಮ, ಮಕ್ಕಳು ನೋಡ್ತಿದ್ದಾರೆ.”

ಸುತ್ತ ಮಕ್ಕಳಿದ್ದರು, ಪೋಷಕರಿದ್ದರು, ಆ ಹಿರಿಯರಿಬ್ಬರೂ ಇದ್ದರು. ಆಯಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟು ಮಜ್ಜಿಗೆ ಲೋಟ ತೊಳೆಯಲು ಹೋದರು. ಸರ್ಟಿಫಿಕೇಟ್ ಕೊಡುವಾಗ ಅವರ ಹೆಸರನ್ನು ಬಿಟ್ಟು ಮುಂದಿನದನ್ನು ಕೂಗಿದೆ.

ಮಧ್ಯಾಹ್ನ ಎಲ್ಲರೂ ಹೋದಮೇಲೆ ಬಾವುಟ ಬಿಚ್ಚಿಕೊಂಡು ಬರಲು ಕಟ್ಟೆಗೆ ಹೋದೆ. ಕಟ್ಟಿದ ಜಾಗದಲ್ಲಿ ಬಾವುಟವಿರಲಿಲ್ಲ. ಕಟ್ಟೆಯ ಬಳಿ ಹೂ ಮಾರುವ ಹೆಂಗಸು ನನ್ನನ್ನು ನೋಡಿ, ಅದು ನಿಮ್ಮದಾ ಮೇಡಂ ಎಂದು ನಾಗರಕಲ್ಲುಗಳ ಹಿಂದಿನ ಗೂಡಿನಿಂದ ಅದನ್ನು ತೆಗೆದುಕೊಟ್ಟಳು. ನೀಟಾಗಿ ಮಡಚಿ, ನಡುವೆ ಪಂಚನ್ನು ಇಟ್ಟಿದ್ದಳು. ಮೂಲೆಗೆ ಒಂದಿಷ್ಟು ಕುಂಕುಮವೂ ಅಂಟಿತ್ತು. ಯಾರದೋ ಹರಕೆಯ ಬಟ್ಟೆ ಇರಬೇಕೆಂದುಕೊಂಡಳಂತೆ. ಹೆಂಗಸರು ಬಂದು ಕಲ್ಲಿಗೆ ನೀರು ಹಾಕುವಾಗ ನೆನೆಯಬಾರದೆಂದು ಒಂಬತ್ತೂವರೆ ಹೊತ್ತಿಗೆ ಎತ್ತಿಟ್ಟಳಂತೆ. ಕಟ್ಟೆಯ ಮೇಲಿನ ವಸ್ತುವನ್ನು ನಮ್ಮಲ್ಲಿ ಯಾರೂ ಕದಿಯುವುದಿಲ್ಲ, ಎಸೆಯುವುದೂ ಇಲ್ಲ, ಭಕ್ತಿಯಿಂದ ಎತ್ತಿಡುತ್ತಾರೆ. ಅದು ಹೊಳೆಯದೆ ಅಲ್ಲಿ ಬಾವುಟ ಕಟ್ಟಿದ್ದು ನಾನು. ತಪ್ಪು ನನ್ನದೇ.

ಆಯಮ್ಮ ಹೊರಟದ್ದು ಒಂಬತ್ತೂವರೆಯ ನಂತರ.

ಅಲ್ಲಿಂದಲೇ ಒಂದು ಫೋನು ಮಾಡಬಹುದಿತ್ತು. ಆದರೆ ಫಲಿತಾಂಶ ಆಗಲೇ ವಾಟ್ಸಾಪ್ ಗುಂಪಿಗೆ ಹೋಗಿತ್ತು. ದಾರಿಯ ಏರ್ಪಾಡು ಬಹಳ ಚೊಕ್ಕವಾಗಿತ್ತು ಎಂದು ಆ ಹಿರಿಯರು ಅದರ ಕೆಳಗೆ ಬರೆದಿದ್ದರು. ಬಾವುಟವನ್ನು ಚೀಲಕ್ಕೆ ಹಾಕಿಕೊಂಡೆ. ಸೋಮವಾರ ಹೇಳಿದರಾಯಿತು ಎಂದುಕೊಂಡೆ.

ಸೋಮವಾರ ಹೇಳಲಿಲ್ಲ. ಆಯಮ್ಮ ಎಂದಿನಂತೆ ನಮಸ್ಕಾರ ಮಿಸ್ ಎಂದರು, ನಾನು ತಲೆಯಾಡಿಸಿ ಹಾಜರಿ ಹಾಕಲು ಹೋದೆ. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು, ಆಯಮ್ಮ, ನೀವು ಚೀಟ್ ಮಾಡಿದ್ರಂತೆ ಎಂದು ಕೇಳಿದ್ದು, ಅವರು ನಕ್ಕು, ಹೂಂ ಕಣವ್ವ ಎಂದು ಅವಳ ಶೂ ಲೇಸು ಕಟ್ಟಿದ್ದು ನನ್ನ ಕಿವಿಗೆ ಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಗಾದೆ ಹೇಳಿಕೊಡುವವಳು ನಾನೇ. ಅವತ್ತು ಆ ಹುಡುಗಿಯ ಮುಂದೆ ನಿಂತು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ನಾಚಿಕೆಯಾಯಿತು, ಆ ನಾಚಿಕೆಯನ್ನು ಮುಚ್ಚಿಕೊಳ್ಳಲು ಬೇರೆ ಮಕ್ಕಳ ಮೇಲೆ ರೇಗಾಡಿದೆ. ಆಯಮ್ಮ ಶನಿವಾರದ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದರು. ಗುಡಿಸುವಾಗ ನಕ್ಷೆ ಸಿಕ್ಕರೆ ಬಿಡಿಸಿಯೂ ನೋಡದೆ ತಂದು ನನ್ನ ಮೇಜಿನ ಮೇಲಿಡುತ್ತಿದ್ದರು. ದಿನ ಕಳೆದಷ್ಟೂ ಹೇಳುವುದು ಇನ್ನೂ ಕಷ್ಟವಾಗುತ್ತಾ ಹೋಯಿತು.

ಮುಂದಿನ ವರ್ಷದ ಹೆಸರು ಬರೆದುಕೊಳ್ಳುವ ಹೊತ್ತು ಬಂತು. ಇನ್ನು ತಡೆಯಲಾರೆ ಎನಿಸಿ ಒಂದು ಸಂಜೆ, ಅವರು ಕ್ಲಾಸ್ ರೂಮಿನ ಕಿಟಕಿಗಳನ್ನು ಮುಚ್ಚುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಕೈ ಮುಗಿದು ತಪ್ಪಾಯಿತು ಎಂದೆ. ಅವರು ಚಿಲಕ ಹಾಕುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಮಿಸ್. ಆ ಹೂವಮ್ಮ ನಮ್ಮ ಬೀದಿಯೋಳೇ. ಯಾರೋ ಮೇಡಂ ಬಂದು ಬಾವುಟ ತಗೊಂಡು ಹೋದ್ರು ಅಂತ ಅವತ್ತು ಸಾಯಂಕಾಲಾನೇ ಅಂದ್ಲು.”

ನನಗೆ ಗೊತ್ತಿದೆ ಎಂಬುದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಹಾಗಾದರೆ ಬಂದು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎಂಥ ಮೂರ್ಖ ಪ್ರಶ್ನೆ.

“ಹೇಳಿದ್ನಲ್ಲ ಮಿಸ್, ಬಾವುಟ ಇರ್ಲಿಲ್ಲ ಅಂತ.”

ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲ ಮಕ್ಕಳ ಮುಂದೆ ನಿಜ ಹೇಳಿದೆ, ಹಳೆಯ ಸರ್ಟಿಫಿಕೇಟನ್ನು ಹೆಡ್‌ಮಾಸ್ಟರ್ ಕೈಯಿಂದ ಕೊಡಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ವರ್ಷ ಸೇರಿದ್ದ ಪೋಷಕರು ಅಲ್ಲಿರಲಿಲ್ಲ. ಆಯಮ್ಮ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ಈ ಸಲವೂ ಓಡಬೇಕು ಎಂದು ನಾನು ಬಹಳ ಬೇಡಿಕೊಂಡೆ. ಕೊನೆಗೆ ಒಪ್ಪಿದರು, ಆದರೆ ಒಂದು ಮಾತಿನ ಮೇಲೆ. ನಾನು ಜೊತೆಗೆ ಬರಬೇಕು. ಈ ಆಟವನ್ನು ಒಬ್ಬರೇ ಆಡಬೇಕು, ಅದೇ ಅದರ ಸೊಗಸು ಎಂದು ನಾನು ಹೇಳಲು ಹೊರಟೆ.

“ನೋಡ್ದೋರು ಒಬ್ರು ಇರ್ಲಿ ಮಿಸ್,” ಎಂದರು. ಆ ದನಿಯಲ್ಲಿ ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ನನಗೆ ಬೈದಿದ್ದರೆ ವಾಸಿಯಿತ್ತು.

ಭಾನುವಾರ ಹತ್ತು ಹೆಜ್ಜೆ ಹಿಂದೆ ನಾನು ನಡೆದೆ. ನಕ್ಷೆ ಓದುವುದರಲ್ಲಿ ಅವರು ಎಲ್ಲೂ ತಪ್ಪಲಿಲ್ಲ, ಆದರೆ ಹಿಂದಿನ ವರ್ಷದ ಆ ಬಿರುಸು ಇರಲಿಲ್ಲ. ಬಾವುಟ ಸಿಕ್ಕಿದಲ್ಲೆಲ್ಲ ನಿಂತು, ನಾನು ಹತ್ತಿರ ಬರುವವರೆಗೆ ಕಾದು, ನನ್ನ ಕಣ್ಣ ಮುಂದೆಯೇ ಪಂಚ್ ಒತ್ತಿ, ಕಾರ್ಡನ್ನು ಎತ್ತಿ ಹಿಡಿದು “ನೋಡಿದ್ರಾ ಮಿಸ್?” ಎಂದು ಕೇಳುತ್ತಿದ್ದರು. ಎಂಟು ಸಲ ಕೇಳಿದರು. ಎಂಟು ಸಲವೂ ನೋಡಿದೆ ಎಂದೆ.