ಹೆಡ್‌ಮಿಸ್ ಹಲ್ಲು, ಕುದುರೆಯ ಬಾಯಿ

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹಲ್ಲಿನ ಸೆಟ್ ಮಾಡುತ್ತಿರುವವರನ್ನು ಎಲ್ಲರೂ ಹಲ್ಲಣ್ಣ ಎನ್ನುತ್ತಾರೆ. ಊಟದ ಬಿಡುವಿನಲ್ಲಿ ಅವರು ಸೆಟ್ಟಿನ ಅಚ್ಚಿಗೆ ಬಳಸಿ ಉಳಿದ ಗುಲಾಬಿ ಬಣ್ಣದ ಮೇಣದಿಂದ ಪ್ರಾಣಿಗಳನ್ನು ಮಾಡುತ್ತಾರೆ. “ಮನೇಲಿ ಬಾಗಿಲ ಚಿಲಕ ಆರು ತಿಂಗಳಿಂದ ಜೋಲಾಡ್ತಿದೆ, ನಮ್ಮೆಜಮಾನ್ರು ಆನೆಗೆ ಬಾಲ ಅಂಟಿಸ್ತಾ ಕೂತಿರ್ತಾರೆ” ಎಂಬುದು ಹೆಂಡತಿಯ ದೂರು. ಡಾಕ್ಟರು ದೂರುವುದಿಲ್ಲ, ಎಚ್ಚರಿಸುತ್ತಾರೆ. ಹೋದ ವಾರ ಔಷಧಿ ಕಪಾಟಿನ ಮೇಲೆ ಆಮೆಯೊಂದು ಕಂಡಾಗ, “ಇನ್ನೊಂದು ಪ್ರಾಣಿ ಕಂಡ್ರೆ ನೀವೂ ನಿಮ್ಮ ಮೃಗಾಲಯವೂ ಒಟ್ಟಿಗೇ ಹೊರಗೆ” ಎಂದಿದ್ದರು.

ಹಾಗಾಗಿ ಮಂಗಳವಾರ ಕುದುರೆಯ ತಲೆಯನ್ನು ಅವರು ಬಾಗಿಲಿಗೆ ಬೆನ್ನು ಹಾಕಿ ಮಾಡುತ್ತಿದ್ದರು. ಎರಡು ತಿಂಗಳು ಕೂಡಿಟ್ಟ ಮೇಣ. ಕಿವಿ, ಮೂಗು ಚೆನ್ನಾಗಿಯೇ ಬಂದಿದ್ದವು, ಆದರೆ ಕುದುರೆ ನಗುತ್ತಿರಲಿಲ್ಲ. ಹಲ್ಲಣ್ಣನಿಗೆ ಮೊದಲಿನಿಂದಲೂ ಒಂದು ಕೊರಗು: ಮುಖವಿಲ್ಲದ ಹಲ್ಲು ನಗುತ್ತಿದೆಯೋ ಗದರುತ್ತಿದೆಯೋ ಯಾರೂ ಹೇಳಲಾರರು. ತಾವು ಇಷ್ಟು ವರ್ಷ ಮಾಡಿದ್ದೆಲ್ಲ ಅರ್ಧಂಬರ್ಧ ಕೆಲಸ.

ಎದುರಿಗಿನ ಬಟ್ಟಲ ನೀರಿನಲ್ಲಿ ನಿವೃತ್ತ ಹೆಡ್‌ಮಿಸ್ ಒಬ್ಬರ ಸೆಟ್ ಇತ್ತು. “ಏನೋ ಸರಿಯಿಲ್ಲ” ಎಂದು, ಏನೆಂದು ಹೇಳದೆ, ಅವರು ಎರಡು ಸಲ ಮರಳಿಸಿದ್ದ ಸೆಟ್. ಅವರು ಬರುವುದು ಮೂರಕ್ಕೆ. ಹಲ್ಲಣ್ಣ ಅದನ್ನೆತ್ತಿ, ಒರೆಸಿ, ಕುದುರೆಯ ಬಾಯಿಗಿಟ್ಟರು. ಕುದುರೆ ಹಲ್ಲುಕಿರಿಯಿತು.

ಹೆಡ್‌ಮಿಸ್ ಎರಡೂವರೆಗೇ ಬಂದರು. ಸೆಟ್ ತರಲು ಡಾಕ್ಟರು ಒಳಗೆ ಬಂದರೆ, ಅವರ ಬೆನ್ನಿಗೇ ಆಕೆಯೂ. ಅಷ್ಟರಲ್ಲಿ ಮೇಣ ಆರಿ ಗಟ್ಟಿಯಾಗಿತ್ತು; ಹಲ್ಲಣ್ಣ ಹಲ್ಲು ಎಳೆದರೆ ತಲೆಯೇ ಎದ್ದು ಬರುತ್ತಿತ್ತು.

“ಅದು ನಂದೇನಪ್ಪಾ?” ಹೆಡ್‌ಮಿಸ್ ಬೊಚ್ಚುಬಾಯಿಯಲ್ಲಿ ಕೇಳಿದರು.

“ಹೌದಮ್ಮಾ. ಚೆನ್ನಾಗಿ ತೊಳೆದು ಕೊಡ್ತೀನಿ.”

“ಮುಟ್ಟಬೇಡಿ. ಕಿಟಕಿ ಕಡೆ ತಿರುಗಿಸಿ.”

ಅವರು ಕನ್ನಡಕ ಏರಿಸಿ, ಪರೀಕ್ಷೆಯಲ್ಲಿ ಕಾಪಿ ಹಿಡಿಯುವವರಂತೆ ಬಗ್ಗಿ ನೋಡಿದರು.

“ಇದೇ ನೋಡಿ! ಎಡಗಡೆ ಕೋರೆಹಲ್ಲು ಉದ್ದ. ನಕ್ಕರೆ ಥೇಟು ನಮ್ಮ ನಾದಿನಿ! ಕನ್ನಡೀಲಿ ನನ್ನ ಮುಖ ಅಡ್ಡ ಬರ್ತಿತ್ತು, ಗೊತ್ತಾಗ್ತಿರಲಿಲ್ಲ.”

ಹಲ್ಲಣ್ಣ ಕೋರೆಹಲ್ಲನ್ನು ಅಲ್ಲೇ ಉಜ್ಜಿ ಸಮ ಮಾಡಿದರು. ಮೇಣ ಬಿಡಿಸಿ, ಮೂರು ಸಲ ತೊಳೆದ ಸೆಟ್ ಹಾಕಿಕೊಂಡು ಹೆಡ್‌ಮಿಸ್ ನಗುತ್ತ ಹೋದರು.

ಡಾಕ್ಟರು ಬಾಗಿಲು ಮುಚ್ಚಿದರು. ಹಲ್ಲಣ್ಣ ಹೇಳಿಸಿಕೊಳ್ಳದೆಯೇ ತಮ್ಮ ಅರ, ಚಿಮಟಗಳನ್ನು ಚೀಲಕ್ಕೆ ತುಂಬತೊಡಗಿದರು.

“ನಾಳೆ ಬರೋ ವಕೀಲರಿಗೂ ಸೆಟ್ ಒಪ್ಪಿಗೆಯಾಗಿಲ್ಲ” ಎಂದರು ಡಾಕ್ಟರು, ಗೋಡೆ ನೋಡುತ್ತ. “ಗಾಂಭೀರ್ಯ ಸಾಲದಂತೆ. ನಿಮಗೆ ಹುಲಿ ಮಾಡೋಕೆ ಬರುತ್ತಾ?”

“ಬರುತ್ತೆ ಸಾರ್” ಎಂದರು ಹಲ್ಲಣ್ಣ. ಅಲ್ಲಿಯವರೆಗೆ ಅವರು ಸೊಪ್ಪುಸದೆ ತಿನ್ನುವ ಪ್ರಾಣಿಗಳನ್ನಷ್ಟೇ ಮಾಡಿದ್ದರು.