ಕನ್ನಡದಲ್ಲಿ ಬರೆದ ಒಂದು ಕಚೇರಿ ಪತ್ರ

೧೯೭೩ರಲ್ಲಿ ನಾನು ಮುಂಬಯಿಯ ಬೈಕುಲ್ಲಾದ ಒಂದು ಸರ್ಕಾರಿ ಕಚೇರಿಯಲ್ಲಿ ಹಿರಿಯ ಗುಮಾಸ್ತನಾಗಿದ್ದೆ. ಕೆಲಸದಲ್ಲಿ ಗಾಯಗೊಂಡು ಅಂಗವಿಕಲರಾದ ಸರ್ಕಾರಿ ಕೂಲಿಗಳ ಮಕ್ಕಳಿಗೆ ತಿಂಗಳ ಭತ್ಯೆ ಮಂಜೂರು ಮಾಡುವುದು ನಮ್ಮ ವಿಭಾಗದ ಕೆಲಸ. ಉಡುಪಿ ಕಡೆಯವನಾದ ನಾನು ಜೋಗೇಶ್ವರಿಯ ಚಾಳಿನಲ್ಲಿ ಒಬ್ಬನೇ ಇದ್ದೆ. ರಜೆಯ ದಿನಗಳಲ್ಲಿ ಯಾರೊಡನೆಯೂ ಮಾತಾಡದೆ ಸಂಜೆಯಾಗುತ್ತಿತ್ತು. ಕಚೇರಿಗೆ ಕನ್ನಡದವರು ಯಾರಾದರೂ ಬಂದರೆ ನಾನೇ ಕರೆದು ಕೂರಿಸುತ್ತಿದ್ದೆ.

ಹಾಗೆ ಬಂದವನು ಹಣಮಂತಪ್ಪ. ವಿಜಾಪುರ ಕಡೆಯವನು. ಪವಾಯಿಯ ಕಲ್ಲುಗಣಿಯಲ್ಲಿ ಮದ್ದು ಸಿಡಿದು ಎರಡೂ ಕಣ್ಣು ಕಳೆದುಕೊಂಡಿದ್ದ. ಹನ್ನೆರಡು ವರ್ಷದ ಮಗಳು ಕಸ್ತೂರಿ ಕೈಹಿಡಿದು ಕರೆತಂದಿದ್ದಳು.

"ಮಗನಿಗೆ ಹದಿನೆಂಟು ರೂಪಾಯಿ ಬರ್ತೈತ್ರಿ, ಈಕಿಗೆ ಒಂಬತ್ತು. ಇಬ್ರೂ ನನ್ನ ಮಕ್ಕಳ್ರಿ, ಸಾಹೇಬ್ರ."

ಫೈಲು ತೆಗೆದು ನೋಡಿದೆ. ಕೆಲಸಕ್ಕೆ ಸೇರುವಾಗ ಆತನೇ ಬರೆಸಿದಂತೆ, ಹುಡುಗಿಯ ಹೆಸರಿನ ಮುಂದೆ 'ತಂಗಿಯ ಮಗಳು, ಅವಲಂಬಿತೆ' ಎಂದಿತ್ತು. ಅವಲಂಬಿತರಿಗೆ ಅರ್ಧ ಭತ್ಯೆ. ಹಾಳೆ ತಿರುವುವ ಸದ್ದು ನಿಂತದ್ದರಿಂದಲೇ ನಾನು ಅದನ್ನು ಓದಿದೆನೆಂದು ಆತನಿಗೆ ಅರ್ಥವಾಯಿತು. ನೀರು ಕುಡಿದು ಬಾ ಎಂದು ಹುಡುಗಿಯನ್ನು ಹೊರಗೆ ಕಳಿಸಿದ.

"ಹಡದ ಆರು ತಿಂಗಳಿಗೆ ನನ್ನ ತಂಗಿ ತೀರಿಕೊಂಡ್ಳ್ರಿ. ಕೂಸಿನ್ನ ನಾವ ತಂದು ಸಾಕಿದ್ವಿ. ಆಕಿಗಿದು ಗೊತ್ತಿಲ್ರಿ. ಗೊತ್ತಾಗಬಾರದ್ರಿ."

ಐದು ವರ್ಷದೊಳಗೆ ತಂದು ಸಾಕಿದ ಮಗುವಿಗೆ ಪೂರ್ತಿ ಭತ್ಯೆ ಕೊಡಬಹುದೆಂಬ ನಿಯಮ ಸಿಕ್ಕಿತು. ಅದಕ್ಕೆ ತಂದೆಯ ಹೇಳಿಕೆ ಬೇಕಿತ್ತು. ಮಗು ಯಾರದು, ಯಾವಾಗ ತಂದಿರಿ, ಹೆತ್ತವರು ಎಲ್ಲಿ ಎಂದು ಕೇಳಿ ಪತ್ರ ಬರೆದೆ. ಆತನಿಗೆ ತಿಳಿಯಲೆಂದು, ಮರಾಠಿ ಬಿಟ್ಟು ಕನ್ನಡದಲ್ಲೇ ಬರೆದು ಅಂಚೆಗೆ ಹಾಕಿಸಿದೆ. ಕಣ್ಣಿಲ್ಲದವನಿಗೆ ಆ ಪತ್ರವನ್ನು ಯಾರು ಓದಿ ಹೇಳುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಹತ್ತು ದಿನದ ಮೇಲೆ ಕಸ್ತೂರಿ ಒಬ್ಬಳೇ ಬಂದಳು. ಮುನಿಸಿಪಾಲಿಟಿಯ ಕನ್ನಡ ಶಾಲೆಯ ಯೂನಿಫಾರ್ಮಿನಲ್ಲೇ ಇದ್ದಳು. ನನ್ನ ಪತ್ರವನ್ನು ಮೇಜಿನ ಮೇಲಿಟ್ಟಳು.

"ಇನ್ನೊಂದು ತಿಂಗಳು ತಡೀಬೇಕು ಅಂತ ಬರದಾರ ಅಂತ ಅಪ್ಪಗ ಓದಿ ಹೇಳೀನ್ರಿ. ಇಂಥಾದ್ದು ಮತ್ತ ಕಳಿಸಬ್ಯಾಡ್ರಿ. ನನಗ ಗೊತ್ತಾಗೇತಿ ಅಂತನೂ ಹೇಳಬ್ಯಾಡ್ರಿ. ಭಾಳ ನೊಂದ್ಕೋತಾನ."

ತಪ್ಪಾಯಿತು ಎಂದೆ. ಅವಳು ಹೊರಡಲಿಲ್ಲ.

"ನನ್ನ ಹಡದಾಕಿ ಹೆಸರು ಫೈಲಿನಾಗ ಐತೇನ್ರಿ?"

ಫೈಲು ಹೊರಗಿನವರಿಗೆ ತೋರಿಸುವಂತಿರಲಿಲ್ಲ. ತಿರುಗಿಸಿ ಅವಳ ಮುಂದಿಟ್ಟೆ. ತಾಯಿಯ ಹೆಸರಿನ ಕೆಳಗೆ ಬೆರಳಿಟ್ಟು ತುಟಿಯಲ್ಲೇ ಎರಡು ಸಲ ಓದಿಕೊಂಡಳು. ಆಮೇಲೆ ಅವಳೇ ಫೈಲು ಮುಚ್ಚಿ, ಬರ್ತೀನ್ರಿ ಎಂದು ಹೋದಳು.

ಮುಂದಿನ ಭಾನುವಾರ ನಾನೇ ಪವಾಯಿಗೆ ಹೋದೆ. ಕಸ್ತೂರಿ ತಮ್ಮನನ್ನು ಕರೆದುಕೊಂಡು ನೀರಿಗೆ ಹೋದಾಗ ಹೇಳಿಕೆ ಬರೆದು, ಹಣಮಂತಪ್ಪನಿಗೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಶಾಲೆಯ ದಾಖಲೆಯಲ್ಲಿ ತಂದೆಯೆಂದು ಅವನ ಹೆಸರೇ ಇತ್ತು. ಅಧಿಕಾರಿಗಳು ಒಪ್ಪಲು ಮೂರು ತಿಂಗಳು ಹಿಡಿಯಿತು. ಇಬ್ಬರಿಗೂ ಹದಿನೆಂಟು ರೂಪಾಯಿ ಆಯಿತು, ಹಿಂದಿನ ಬಾಕಿಯೂ ಬಂತು.

ಆದೇಶ ತಿಳಿಸಲೂ ನಾನೇ ಹೋಗಿದ್ದೆ. ಕಸ್ತೂರಿ ಚಹಾ ತಂದುಕೊಟ್ಟು ಒಳಗೆ ಹೋದಳು. ಹಣಮಂತಪ್ಪ ನನ್ನ ಕಡೆ ವಾಲಿ ಪಿಸುಮಾತಿನಲ್ಲಿ ಕೇಳಿದ, "ಆಕಿಗೆ ಗೊತ್ತಾಗ್ಲಿಲ್ಲಲ್ರಿ?"

"ಇಲ್ಲ," ಎಂದೆ.

ವಾಪಸು ಬರುವಾಗ ಲೋಕಲ್ ರೈಲು ತುಂಬಿತ್ತು. ಯಾರಿಗಾದರೂ ಹೇಳಿಕೊಳ್ಳಬೇಕೆನ್ನಿಸಿತು. ಚಾಳಿನ ನನ್ನ ಖೋಲಿಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಹೇಳುವಂತಿರಲಿಲ್ಲ.

ಆಮೇಲೆ ಇಪ್ಪತ್ತೆರಡು ವರ್ಷ ನೌಕರಿ ಮಾಡಿದೆ. ಯಾವ ಪತ್ರಕ್ಕೆ ಸಹಿ ಹಾಕುವ ಮೊದಲೂ ಆ ಮನೆಯಲ್ಲಿ ಇದನ್ನು ಓದುವವರು ಯಾರು ಎಂದು ಯೋಚಿಸುತ್ತಿದ್ದೆ. ಗೊತ್ತಾಗದಿದ್ದರೆ ವಿಳಾಸ ಕೇಳಿಕೊಂಡು ನಾನೇ ಹೋಗುತ್ತಿದ್ದೆ.